ಗಿಟಾರಿನ ಕುತ್ತಿಗೆಗೆ ಹಚ್ಚಿದ್ದು

ಸುಮಾ, ನಿನ್ನ ಅಂಗೈ ಸುಟ್ಟದ್ದು ತಂತಿಯಿಂದಲ್ಲ. ನಿನ್ನ ಮೈಯಲ್ಲಿದ್ದ ಯಾವ ದೋಷದಿಂದಲೂ ಅಲ್ಲ. ಸುಟ್ಟವಳು ನಾನು. ಆ ಗಿಟಾರಿನ ಕುತ್ತಿಗೆಗೆ ನಾನು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದ್ದೆ — ಕೇಳಿದವರಿಗೆಲ್ಲ ಬರೀ ಅರಗಿನ ಪಾಲಿಶು ಎಂದು ಹೇಳಿದ್ದೆ.

ಇಷ್ಟು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ನೀನು ಇಲ್ಲಿಗೆ, ಅವರ್ಸಾಕ್ಕೆ ಬಂದಾಗಲೆಲ್ಲ ಮಾತು ಗಂಟಲಿನವರೆಗೆ ಬರುತ್ತಿತ್ತು. ಬಾಯಿ ತೆರೆದರೆ ಹೊರಗೆ ಬೀಳುತ್ತಿದ್ದದ್ದು ಮಾತ್ರ, ಊಟ ಮಾಡ್ತ್ಯಾ, ಇನ್ನೊಂದು ತುಂಡು ಮೀನು ಹಾಕ್ಲಾ ಎಂಬ ಮಾತು. ಅತ್ತೆಗೆ ಉಣಿಸುವ ಹುಚ್ಚು ಎಂದು ನೀನು ಎಲ್ಲರೆದುರು ತಮಾಷೆ ಮಾಡುತ್ತಿದ್ದೆ. ನಾನೂ ನಗುತ್ತಿದ್ದೆ.

ನೀನು ನಮ್ಮವರ ಅಕ್ಕನ ಮಗಳು. ಆದರೆ ಕಾಲೇಜಿನ ವರ್ಷಗಳಲ್ಲಿ ಅಂಕೋಲೆಯ ನಿನ್ನ ಮನೆಗಿಂತ ನಮ್ಮ ಮನೆಯಲ್ಲೇ ಹೆಚ್ಚಾಗಿ ಇದ್ದೆ, ಕಾರವಾರದ ಕಾಲೇಜು ಇಲ್ಲಿಂದ ಹತ್ತಿರ ಎಂಬ ನೆವ ಹೇಳಿಕೊಂಡು. ನಿಜವಾದ ಕಾರಣ ನಿನ್ನ ಮಾವ ಹಿತ್ತಿಲ ಚಪ್ಪರದಲ್ಲಿ ಕಟ್ಟುತ್ತಿದ್ದ ಗಿಟಾರುಗಳು. ಹಗಲಿಗೆ ಕಾರವಾರದ ಕಚೇರಿಯಲ್ಲಿ ಗುಮಾಸ್ತಿಕೆ, ಮನೆಗೆ ಬಂದರೆ ಉಳಿ, ಅರ, ಹಲಸಿನ ಹಲಗೆ. ಮುರಿದ ಗಿಟಾರೊಂದನ್ನು ಬಿಚ್ಚಿ ನೋಡಿ ಕಲಿತ ಕೆಲಸ ಅವರದು. ಕಟ್ಟುವುದು ಅವರು, ಪಾಲಿಶ್ ನಾನು. ಹಳೆಯ ಪಂಚೆಯ ತುಂಡಿನಲ್ಲಿ ಹತ್ತಿ ಕಟ್ಟಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನಲ್ಲಿ ಅದ್ದಿ, ಸುತ್ತುಸುತ್ತಾಗಿ ಉಜ್ಜಬೇಕು. ಒಂದು ಪದರ ಆರಿದ ಮೇಲೆ ಇನ್ನೊಂದು. ಬಂದವರೆಲ್ಲ ಗಿಟಾರು ನೋಡಿ ನಮ್ಮವರನ್ನು ಹೊಗಳುವರು. ಪಾಲಿಶಿನ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ನನಗೆ ಅದು ಚುಚ್ಚುತ್ತಿತ್ತು — ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಚುಚ್ಚುತ್ತಿತ್ತು.

ನಿನಗಾಗಿ ಕಟ್ಟಿದ ಗಿಟಾರಿನ ಮೈ ಬೇಸಿಗೆಯಲ್ಲೇ ಹೊಳೆಯುತ್ತ ಸಿದ್ಧವಾಗಿತ್ತು. ಆದರೆ ನಮ್ಮವರಿಗೆ ಸಮಾಧಾನವಾಗಲಿಲ್ಲ. ನಿನ್ನ ಕೈ ಚಿಕ್ಕದು, ಬೆರಳು ಸುತ್ತಿ ಬರುವುದಿಲ್ಲ ಎಂದು ಕುತ್ತಿಗೆಯನ್ನು, ಅಂದರೆ ಎಡಗೈ ಹಿಡಿಯುವ ಆ ಉದ್ದನೆಯ ಭಾಗವನ್ನು, ಮತ್ತೆ ಕೆತ್ತಿ ತೆಳ್ಳಗೆ ಮಾಡಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆಯಲ್ಲಿ ಅರಗು ಹಚ್ಚಿದರೆ ಅದು ಬೂದು ಹಿಡಿಯುತ್ತದೆ, ಕನ್ನಡಿಗೆ ಉಸಿರು ಬಿಟ್ಟಂತೆ. ನಾನು ಹಚ್ಚಿದೆ, ಬೂದಾಯಿತು. ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಬೂದಾಯಿತು. ನಮ್ಮವರು ನೋಡಿ ಅಂದರು, "ಗಡಿಬಿಡಿ ಮಾಡಬ್ಯಾಡ. ತೇವ ಹೋಗ್ಲಿ. ಚೌತಿಗೆ ಆಗ್ದಿದ್ರೆ ದೀಪಾವಳಿಗೆ ನುಡಿಸ್ತಾಳೆ, ಅಡ್ಡಿಲ್ಲ."

ಅಡ್ಡಿಯಿತ್ತು. ಕಾರವಾರದ ಆರ್ಕೆಸ್ಟ್ರಾದವರು ಚೌತಿಯ ಕಾರ್ಯಕ್ರಮಕ್ಕೇ ನಿನ್ನನ್ನು ಕರೆದಿದ್ದರು. ಅಂದು ಚೆನ್ನಾಗಿ ನುಡಿಸಿದರೆ ಕಾಯಂ ಇಟ್ಟುಕೊಳ್ಳುವುದಾಗಿ ಹೇಳಿದ್ದರು. ವೇದಿಕೆಯ ಮೇಲೆ ನನ್ನ ಪಾಲಿಶು ದೀಪಕ್ಕೆ ಹೊಳೆಯಬೇಕು — ನಿನ್ನ ಸಲುವಾಗಿ ಎಂದೇ ನಾನು ಆಗ ಅಂದುಕೊಂಡದ್ದು. ಈಗ ಅಷ್ಟು ಖಾತ್ರಿಯಿಲ್ಲ.

ನನ್ನ ತವರಿನಲ್ಲಿ ದೋಣಿಗಳಿದ್ದವು. ಅಪ್ಪ ಅವುಗಳಿಗೆ ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದ. ಉಪ್ಪುನೀರೇ ಆ ಮರದೊಳಗೆ ಇಳಿಯುವುದಿಲ್ಲ, ಇನ್ನು ಮಳೆಗಾಲದ ತೇವ ಯಾವ ಲೆಕ್ಕ ಎಂಬ ಬುದ್ಧಿ ನನಗೆ ಬಂತು. ಅದು ಚರ್ಮ ಸುಡುತ್ತದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಪ್ಪ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಅದನ್ನು ಮುಟ್ಟುತ್ತಿರಲಿಲ್ಲ. ಆದರೆ ಒಣಗಿದ ಮೇಲೆ ಎಂತದೂ ಆಗುವುದಿಲ್ಲ, ಮೇಲೆ ಅರಗಿನ ಪದರ ಬೇರೆ ಇರುತ್ತದೆ ಎಂದು ನಾನೇ ನನಗೆ ಹೇಳಿಕೊಂಡೆ. ದೋಣಿಗೆ ಬಳಿಯುವುದು ಸುಡುವ ಬಿಸಿಲಿನಲ್ಲಿ, ದಿನಗಟ್ಟಲೆ ಒಣಗಿಸುತ್ತಾರೆ ಎಂಬುದನ್ನು — ಮರೆತೆ ಎನ್ನಲೇ? ಇಲ್ಲ. ನೆನಪು ಮಾಡಿಕೊಳ್ಳಲಿಲ್ಲ. ನಮ್ಮವರು ಕಚೇರಿಗೆ ಹೋದ ಮೇಲೆ ಹಚ್ಚಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಮೇಲೆ ತೆಳ್ಳಗೆ ಅರಗು ಎಳೆದೆ. ಎಣ್ಣೆ ತೇವವನ್ನು ತಡೆದಿತ್ತೇನೋ, ಈ ಸಲ ಬೂದಾಗಲಿಲ್ಲ. ಹಣ್ಣಾದ ಕೋಕಂ ಸಿಪ್ಪೆಯಂಥ ಗಾಢ ಕೆಂಪು ಬಂತು. ಮುಟ್ಟಿದರೆ ಒಣಗಿದಂತೆಯೇ ಇತ್ತು.

ನೀನು ನೋಡಿ ಕುಣಿದುಬಿಟ್ಟೆ. "ಅತ್ತೆ, ಎಂತ ಚಲೋ ಬಣ್ಣ! ಎಂತ ಹಚ್ಚಿದ್ರಿ?"

"ಅರಗು. ಇನ್ನೆಂತ ಹಚ್ಚೂದು?" ಎಂದೆ. ಹಿಂದೆ ನಮ್ಮವರು ನಿಂತಿದ್ದರು.

ನೀನು ಹಗಲೆಲ್ಲ ಅಭ್ಯಾಸ ಮಾಡಿದೆ. ಕೈ ಬೆವರಿತು, ಬಿಸಿಯಾಯಿತು, ಮೇಲಿನ ತೆಳುವಾದ ಅರಗು ಸವೆಯಿತು, ಕೆಳಗೆ ಹಸಿಯಾಗಿಯೇ ಉಳಿದಿದ್ದ ಎಣ್ಣೆ ನಿನ್ನ ಚರ್ಮಕ್ಕೆ ಬಂತು. ಚೌತಿ ಇನ್ನೇನು ಬಂತು ಎನ್ನುವಾಗ ಹೆಬ್ಬೆರಳ ಬುಡದಲ್ಲಿ ಕೆಂಪು, ಆಮೇಲೆ ಗುಳ್ಳೆ, ಆಮೇಲೆ ಅಂಗೈಯ ಅಂಚೆಲ್ಲ ಸುಲಿದು ಹಸಿ ಗಾಯ. ಬೆರಳ ತುದಿಗಳು ಮಾತ್ರ ಚೆನ್ನಾಗಿದ್ದವು ಸುಮಾ. ತಂತಿ ತಾಗುವುದು ಬೆರಳ ತುದಿಗೆ; ಹೆಬ್ಬೆರಳ ಬುಡಕ್ಕೆ ತಾಗುವುದು ಮರ. ನಾನು ಅದನ್ನು ಕಂಡ ಕ್ಷಣವೇ ತಿಳಿದುಕೊಂಡೆ.

ಕಾರವಾರದ ಡಾಕ್ಟರ ಬಳಿ ನಿನ್ನನ್ನು ಕರೆದುಕೊಂಡು ಹೋದದ್ದೂ ನಾನೇ. ಅವರು ಕೈ ತಿರುಗಿಸಿ ತಿರುಗಿಸಿ ನೋಡಿದರು. ನಂತರ ನನ್ನನ್ನೇ ಕೇಳಿದರು, "ಮನೇಲೇ ಮಾಡಿದ ಗಿಟಾರಲ್ವಾ? ಮರಕ್ಕೆ ಎಂತ ಹಚ್ಚೀರಿ?"

"ಅರಗು, ಸರ್."

"ಬೇರೆ ಎಂತದೂ ಇಲ್ಲ?"

"ಇಲ್ಲ."

ಎಣ್ಣೆ ಹಚ್ಚಿದ್ದನ್ನು ತಪ್ಪು ಎನ್ನಬಹುದು, ಅವಿವೇಕ ಎನ್ನಬಹುದು. ಆದರೆ ಆ 'ಇಲ್ಲ'... ಗೇರು ಸುಡುವ ಕಾಲದಲ್ಲಿ ಇಂಥ ಕೈಗಳನ್ನು ಅವರು ಎಷ್ಟೋ ನೋಡಿರಬೇಕು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಉಳಿದದ್ದು ಅವರಿಗೆ ತಿಳಿಯುತ್ತಿತ್ತು. ಹೇಳಲಿಲ್ಲ. ಹಾಗಾದರೆ ತಂತಿಯ ಲೋಹ ಮೈಗೆ ಆಗುವುದಿಲ್ಲವೇನೋ, ಆ ವಾದ್ಯ ಬಿಟ್ಟುಬಿಡುವುದು ಒಳ್ಳೆಯದು ಎಂದರು ಡಾಕ್ಟರು. ಬಸ್ಸಿನಲ್ಲಿ ನೀನು ಬ್ಯಾಂಡೇಜು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ನಾನು ಕಡಲೆ ಕೊಡಿಸಿದೆ. ಹೌದು — ಕಡಲೆ ಕೊಡಿಸಿದೆ.

ನೀನು ಅಂಕೋಲೆಗೆ ಹೋದ ಮೇಲೆ ಕುತ್ತಿಗೆಯನ್ನು ಮರ ಕಾಣುವವರೆಗೆ ಕೆರೆದೆ. ನನ್ನ ಬೆರಳುಗಳೂ ಗುಳ್ಳೆಯೆದ್ದವು. ಬಾಣಲೆ ತಾಗಿತು ಎಂದು ನಮ್ಮವರಿಗೆ ಹೇಳಿದೆ. ಮಳೆ ನಿಂತ ಮೇಲೆ ಸಾವಕಾಶವಾಗಿ, ಬರೀ ಅರಗಿನಿಂದ ಪಾಲಿಶ್ ಮಾಡಿದೆ. ಆ ಗಿಟಾರು ಆಮೇಲೆ ಯಾರಿಗೂ ಏನೂ ಮಾಡುತ್ತಿರಲಿಲ್ಲ. ಆದರೆ ನೀನು ಅದನ್ನು ಮುಟ್ಟಲಿಲ್ಲ. ಆರ್ಕೆಸ್ಟ್ರಾದವರು ಬೇರೆ ಹುಡುಗನನ್ನು ಹುಡುಕಿಕೊಂಡರು. ನೀನು ನೌಕರಿ ಹಿಡಿದೆ, ಕಾರವಾರದಲ್ಲಿ ಸಂಸಾರ ಹೂಡಿದೆ. ಎಲ್ಲಾದರೂ ಹಾಡು ಕೇಳಿಸಿದರೆ ನಿನ್ನ ಎಡಗೈ ಸೀರೆಯ ಮೇಲೆ ತಾನಾಗಿ ಆಡುತ್ತದೆ. ನೀನು ಗಮನಿಸಿರಲಿಕ್ಕಿಲ್ಲ. ನಾನು ಬೇರೆ ಏನನ್ನೂ ಗಮನಿಸುವುದಿಲ್ಲ.

ಇಷ್ಟೆಲ್ಲ ಇದ್ದೂ ನಾನು ಸುಮ್ಮನೇ ಸಾಯುತ್ತಿದ್ದೆನೋ ಏನೋ. ಕಳೆದ ಭಾನುವಾರ ನೀವು ಬಂದಾಗ ನಿನ್ನ ಮಗಳು ಅನಘಾ ಒಳಗಿನಿಂದ ಆ ಗಿಟಾರನ್ನು ಎಳೆದು ತಂದು ತೊಡೆಯ ಮೇಲೆ ಇಟ್ಟುಕೊಂಡಳು. ನೀನು ಅಡುಗೆಮನೆಯಿಂದ ಓಡಿ ಬಂದು ಕಸಿದುಕೊಂಡೆ. "ಮುಟ್ಟಬ್ಯಾಡ ಅದ್ನ! ನಮ್ ಮೈಗೇ ಆಗೂದಿಲ್ಲ ಅದು. ನನ್ ರಕ್ತನೇ ಅಲ್ವಾ ನಿಂಗೂ ಬಂದದ್ದು?"

ಹುಡುಗಿ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅದರಲ್ಲೇನೋ ಕೆಟ್ಟದ್ದು ಇದೆ ಎಂಬಂತೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಂದು ನೀವು ಹೋದ ಮೇಲೆ ನಮ್ಮವರಿಗೆ ಹೇಳಿದೆ. ಗುಳ್ಳೆಗೆ ತಾವು ಕುತ್ತಿಗೆಯ ಮೇಲೆ, ತಂತಿಗಳ ಕೆಳಗೆ ಕೂರಿಸಿದ ಲೋಹದ ಪಟ್ಟಿಗಳೇ ಕಾರಣ ಎಂದು ಅವರು ಇಷ್ಟು ವರ್ಷ ನೊಂದುಕೊಂಡಿದ್ದರು. ಆಮೇಲೆ ಹೊರಗಿನವರಿಗೆ ಒಂದು ಗಿಟಾರನ್ನೂ ಕಟ್ಟಿಕೊಟ್ಟಿರಲಿಲ್ಲ. ಸಿಟ್ಟು ಮಾಡುತ್ತಾರೆಂದು ಕಾದೆ. "ಸುಮಾಗೆ ಹೇಳಿದ್ಯಾ?" ಎಂದರು. ಇಲ್ಲ ಎಂದೆ. "ಮತ್ತೆ ನನ್ಗೆ ಎಂತಕ್ಕೆ ಹೇಳ್ತೆ?" ಎಂದು ಎದ್ದು ಹಿತ್ತಿಲಿಗೆ ಹೋದರು. ಅಂದಿನಿಂದ ನಮ್ಮಿಬ್ಬರಲ್ಲಿ ಅಗತ್ಯಕ್ಕೆ ತಕ್ಕಷ್ಟೇ ಮಾತು.

ನಿನ್ನೆ ಧೈರ್ಯ ಮಾಡಿ ನಿನಗೆ ಫೋನ್ ಹಚ್ಚಿದೆ. ಅನಘಾ ಎತ್ತಿದಳು. "ಅಮ್ಮ ಸ್ನಾನಕ್ಕೆ ಹೋಗಿದಾಳೆ. ಎಂತ ಹೇಳ್ಲಿ ಅಜ್ಜಿ?"

"ಎಂತದೂ ಇಲ್ಲ ಮಗಾ. ಸುಮ್ನೆ ಮಾಡ್ದೆ."

ಫೋನ್ ಇಟ್ಟುಬಿಟ್ಟೆ. ಫೋನಿನಲ್ಲಾದರೆ ನಾನು ಎಂದೂ ಹೇಳುವುದಿಲ್ಲ. ಹಾಗಾಗಿ ಈ ಕಾಗದ ಬರೆದು ಕಳಿಸುತ್ತಿದ್ದೇನೆ, ಇದರ ಹಿಂದೆಯೇ ನಾನೂ ಬರುತ್ತೇನೆ. ಅನಘಾ ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ, ಅವಳ ಎದುರಿಗೇ ಹೇಳುತ್ತೇನೆ: ನಿನ್ನ ಅಮ್ಮನ ಮೈಯಲ್ಲಿ ಯಾವ ದೋಷವೂ ಇರಲಿಲ್ಲ, ನಾನು ಮಾಡಿದ್ದು, ನಾನು ಮುಚ್ಚಿಟ್ಟದ್ದು. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ನನ್ನ ಸ್ವಭಾವವೂ ಗೊತ್ತು. ಒಳಗೆ ಬಂದು ಕೂತು, ಚಹಾ ಕೈಗೆ ಬಂದರೆ, ಮಳೆಯ ಮಾತು, ಮೀನಿನ ಮಾತು ಆಡಿ ಎದ್ದು ಬಂದುಬಿಡುತ್ತೇನೆ. ಆದ್ದರಿಂದ ಸುಮಾ, ನಾನು ಬಾಗಿಲಲ್ಲಿ ನಿಂತಾಗ — ಹೇಳಿ ಮುಗಿಸುವವರೆಗೆ — ನನ್ನನ್ನು ಒಳಗೆ ಕರೆಯಬೇಡ.