ತೊಂಬತ್ತು ಸಿಸಿ ಗಾಡಿಯ ಮುಂದಿನ ಬ್ರೇಕು

ಅಕ್ಟೋಬರಿನ ಒಂದು ಗುರುವಾರ ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ರಸೆಲ್ ಬ್ಲೆಂಕಿನ್ ತನ್ನ ಶೆಡ್ಡಿನಲ್ಲಿ ನೂರಿಪ್ಪತ್ತೈದು ಸಿಸಿಯ ಬೈಕೊಂದರ ಬಲಬದಿಗೆ ಬಾಗಿ ನಿಂತಿದ್ದ. ಬಲಗೈ ಬ್ರೇಕನ್ನು ಅದುಮಿತ್ತು. ಎಡ ಅಂಗೈ ಹಿಂದಿನ ದೀಪದಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿತ್ತು. ಒಬ್ಬನೇ ಕೆಲಸ ಮಾಡುವವನು ಬ್ರೇಕಿನ ದೀಪ ನೋಡುವ ಕ್ರಮ ಇದು. ದೀಪ ಉರಿದರೆ ಅಂಗೈ ಕೆಂಪಾಗುತ್ತದೆ. ಅಂಗೈ ಕೆಂಪಾಗಲಿಲ್ಲ.

"ಬಲ್ಬ್ ಹೋಗಿದೆ," ಎಂದ.

ಗಾಡಿ ತಂದಿದ್ದವಳು ಕಡಲ ದಂಡೆಯಲ್ಲಿ ಏಡಿ ಮಾರುವ ಹೆಂಗಸು. "ನಿನ್ನೆ ಸರಿಯಾಗಿತ್ತಲ್ಲ?"

"ನಿನ್ನೆ ನೋಡಿದ್ಯಾ?"

"ಗಾಡಿ ಓಡಿಸ್ತಾ ಯಾರು ಹಿಂದೆ ತಿರುಗಿ ತನ್ನ ದೀಪ ನೋಡ್ಕೊತಾರೆ?"

"ಅದನ್ನ ನೋಡೋಕೇ ಸರ್ಕಾರ ನನ್ನನ್ನ ಇಟ್ಟಿರೋದು. ಹಾರ್ನ್ ಒತ್ತು."

ಅವಳು ಒತ್ತಿದಳು. ಸದ್ದಿಲ್ಲ.

"ಇದಕ್ಕೆ ಹಾರ್ನ್ ಬೇರೆ ಇದೆಯಾ?" ಎಂದಳು ಆಕೆ, ನಿಜವಾದ ಆಶ್ಚರ್ಯದಿಂದ.

ಇಂಗ್ಲೆಂಡಿನ ಪೂರ್ವ ಕರಾವಳಿಯ ಹೋಲ್ಡರ್ನೆಸ್ ಸೀಮೆ ನಮ್ಮದು. ನೆಲ ಚಪ್ಪಟೆ, ಗಾಳಿ ಜೋರು, ಬಸ್ಸು ಕಡಿಮೆ. ಹಾಗಾಗಿ ಸಣ್ಣ ಬೈಕುಗಳು ಹೆಚ್ಚು. ಮೂರು ವರ್ಷ ತುಂಬಿದ ಯಾವ ಗಾಡಿಯೇ ಆಗಲಿ, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ರಸ್ತೆಗೆ ಯೋಗ್ಯ ಎಂಬ ಪತ್ರ ಪಡೆಯಬೇಕು. ಹನ್ನೆರಡು ಮೈಲಿಯೊಳಗೆ ಬೈಕುಗಳನ್ನು ನೋಡುವ ಪರವಾನಗಿ ಇರುವುದು ರಸೆಲ್‌ಗೆ ಮಾತ್ರ. ಅರವತ್ತರ ಹತ್ತಿರದ ಮನುಷ್ಯ, ಉದ್ದ ತೋಳು, ಸಣ್ಣ ದನಿ. ಶೆಡ್ಡಿನ ಒಂದು ಮೂಲೆಯಲ್ಲಿ ಚಹಾದ ಕೆಟಲ್, ಬಿಸ್ಕತ್ತಿನ ಡಬ್ಬಿ. ನಡುವೆ ನೆಲದ ಮಟ್ಟಕ್ಕೆ ಹೂತಿಟ್ಟ ಎರಡು ಉರುಳೆಗಳು. ಗಾಡಿಯ ಚಕ್ರವನ್ನು ಆ ಉರುಳೆಗಳ ಮೇಲಿಟ್ಟು, ಅವು ತಿರುಗುವಾಗ ಬ್ರೇಕ್ ಅದುಮಿದರೆ, ಬ್ರೇಕಿನ ಬಲ ಎಷ್ಟೆಂಬುದು ಪರದೆಯ ಮೇಲೆ ಬರುತ್ತದೆ.

ಸಣ್ಣ ಗಾಡಿಗಳು ತಪಾಸಣೆಯಲ್ಲಿ ಏಕೆ ಬೀಳುತ್ತವೆ ಎಂದು ಕೇಳಿದರೆ ಊರಿನವರು, ಅವು ಅಗ್ಗದವು, ತಗಡಿನವು ಎನ್ನುತ್ತಾರೆ. ರಸೆಲ್ ಒಪ್ಪುವುದಿಲ್ಲ. ದೊಡ್ಡ ಬೈಕು ಭಾನುವಾರದ್ದು. ಅದರ ಯಜಮಾನ ಅದನ್ನು ತೊಳೆಯುತ್ತಾನೆ, ಒರೆಸುತ್ತಾನೆ, ಒರೆಸುವಾಗ ಸವೆದದ್ದು ಕಣ್ಣಿಗೆ ಬೀಳುತ್ತದೆ. ಸಣ್ಣ ಬೈಕು ಸೋಮವಾರದ್ದು. ಮಳೆಯಲ್ಲಿ ನಿಲ್ಲುತ್ತದೆ, ಉಪ್ಪುಗಾಳಿ ಕುಡಿಯುತ್ತದೆ, ಕೆಲಸ ಮುಗಿಸಿ ಬಂದವರು ಅದನ್ನು ಗೋಡೆಗೆ ಒರಗಿಸಿ ಮರೆತುಬಿಡುತ್ತಾರೆ. ಬಲ್ಬು, ಹಾರ್ನು, ನಡು ಸವೆದ ಟೈರು, ಜೋತುಬಿದ್ದ ಚೈನು. ಬೀಳುವುದು ಇಂಥ ಚಿಲ್ಲರೆಗಳಿಂದಲೇ. ಎಂಜಿನ್ನು ಮಾತ್ರ ಸುಖವಾಗಿ ಓಡುತ್ತಿರುತ್ತದೆ. "ಗಾಡಿ ಬೀಳಲ್ಲ. ಅದರ ಕಡೆ ನೋಡೋರು ಇರಲ್ಲ, ಅಷ್ಟೇ," ಎನ್ನುತ್ತಾನೆ ರಸೆಲ್.

ರಜೆಗೆ ಬಂದವರು ತಂಗುವ ಬಿಡಾರದ ಮೈದಾನದಲ್ಲಿ ಕೆಲಸ ಮಾಡುವ ಅಣ್ಣತಮ್ಮಂದಿರಿಬ್ಬರು ಒಂದೇ ಬಗೆಯ ಎರಡು ಗಾಡಿ ಇಟ್ಟುಕೊಂಡಿದ್ದರು. ಒಂದು ಸಲ ಅಣ್ಣ ಬೆಳಗ್ಗೆ ಬಂದು ಪಾಸಾಗಿ ಹೋದ. ಮಧ್ಯಾಹ್ನ ತಮ್ಮ ಬಂದ. ರಸೆಲ್ ಮುಂದಿನ ಚಕ್ರವನ್ನು ಒಂದು ಸುತ್ತು ತಿರುಗಿಸಿ ನಿಲ್ಲಿಸಿದ.

"ಈ ಟೈರನ್ನ ಬೆಳಗ್ಗೆ ನೋಡಿದ್ದೆ."

"ಒಳ್ಳೇ ಟೈರು ಅಂತ ನೀವೇ ಹೇಳಿದ್ರಂತಲ್ಲ?"

"ನಿಮ್ಮಣ್ಣ ಈಗ ಯಾವ ಟೈರಿನ ಮೇಲೆ ಓಡಾಡ್ತಿದಾನೆ?"

"ಅವನು ಇವತ್ತು ಮನೇಲೇ ಇದಾನೆ," ಎಂದ ತಮ್ಮ ಗಂಭೀರವಾಗಿ.

ರಸೆಲ್ ನಕ್ಕ, ಆದರೆ ಪತ್ರ ಕೊಡಲಿಲ್ಲ. ಅವನ ಸ್ವಭಾವವೇ ಹಾಗೆ. ಒಂದು ವರ್ಷ ತನ್ನ ಸ್ವಂತ ಬೈಕಿನ ಟೈರು ಸವೆದಿದೆಯೆಂದು ಅದನ್ನು ಫೇಲ್ ಮಾಡಿ, ಶೆಡ್ಡಿನಲ್ಲೇ ಬಿಟ್ಟು ಮನೆಗೆ ನಡೆದಿದ್ದ. ದಾರಿಯುದ್ದಕ್ಕೂ ಜನ ಕಾರು ನಿಲ್ಲಿಸಿ, "ಲಂಚ ಕೊಟ್ಟು ನೋಡ್ಬೇಕಿತ್ತು," ಎಂದು ಕಿಚಾಯಿಸಿದ್ದರು.

ಆ ಗುರುವಾರ ಹತ್ತು ಗಂಟೆಗೆ ಥೆಲ್ಮಾ ಮೆಡ್‌ಫರ್ತ್ ಬಂದರು. ಎಪ್ಪತ್ತೇಳು ವರ್ಷ. ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಅವರ ಕೈಯಲ್ಲಿ ಕಲಿತ ರಸೆಲ್ ಈಗಲೂ ಅವರನ್ನು ಮಿಸ್ ಎಂದೇ ಕರೆಯುತ್ತಾನೆ. ಭಾನುವಾರಗಳಂದು ಅವರು ಮೂರು ಊರುಗಳ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು: ತಮ್ಮೂರಿನಲ್ಲಿ ಬೆಳಗ್ಗೆ, ಸ್ಕೆಫ್ಟನ್‌ನಲ್ಲಿ ಹನ್ನೊಂದಕ್ಕೆ, ರೈಸ್‌ಬಿಯಲ್ಲಿ ಮಧ್ಯಾಹ್ನ ಮೂರಕ್ಕೆ. ಭಾನುವಾರ ನಮ್ಮಲ್ಲಿ ಬಸ್ಸಿಲ್ಲ. ಅವರ ಬಳಿ ಇದ್ದದ್ದು ತೊಂಬತ್ತು ಸಿಸಿಯ ಪುಟ್ಟ ಗಾಡಿ. ಅದಕ್ಕೆ ಕ್ಲಚ್ಚಿನ ಹಿಡಿಕೆ ಇಲ್ಲ. ಗೇರು ಎಡಗಾಲಿಗೆ, ಹಿಂದಿನ ಬ್ರೇಕು ಬಲಗಾಲಿಗೆ, ಮುಂದಿನ ಬ್ರೇಕು ಮಾತ್ರ ಬಲಗೈಗೆ.

"ಮಿಸ್, ನಿಮ್ಮ ಗಾಡಿಗೆ ಈ ಮಾರ್ಚಿಗೇ ನಲವತ್ತು ವರ್ಷ ತುಂಬ್ತು," ಎಂದ ರಸೆಲ್. "ನಲವತ್ತಾದ್ಮೇಲೆ ಟೆಸ್ಟ್ ಬೇಕಾಗಿಲ್ಲ. ನೀವು ಸುಮ್ನೆ ಬಂದ್ರಿ."

"ಗೊತ್ತು ಕಣೋ. ನನಗೆ ಓದೋಕೆ ಬರುತ್ತೆ. ಆದ್ರೂ ಮಾಡು."

"ಯಾಕೆ?"

"ನಿನಗೆ ಚಹಾ ಕುಡಿಯೋಕೆ ಜೊತೆ ಸಿಗಲಿ ಅಂತ."

ರಸೆಲ್ ಕೆಲಸ ಶುರುಮಾಡಿದ. ದೀಪಗಳು ಸರಿ. ಹಾರ್ನು ಕೂಗಿತು. ಟೈರು, ಚೈನು, ಹ್ಯಾಂಡಲ್ ತಿರುಗುವ ಬೇರಿಂಗು, ಎಲ್ಲ ಸರಿ. ಮಿಸ್ ಗಾಡಿಯನ್ನು ನೋಡಿಕೊಳ್ಳುವವರೇ. ಮೊದಲು ಮುಂದಿನ ಚಕ್ರ, ಆಮೇಲೆ ಹಿಂದಿನದು ಎಂದು ಉರುಳೆಗಳ ಮೇಲಿಟ್ಟು, ತಾನೇ ಸೀಟಿನ ಮೇಲೆ ಕೂತು ಬ್ರೇಕ್ ಹಾಕಿದ. ಪರದೆಯಲ್ಲಿ ಬಂದದ್ದನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳುವುದು ಅವನ ಪದ್ಧತಿ. "ಮುಂದೆ ಮೂವತ್ತಾರು. ಹಿಂದೆ ಮೂವತ್ತೊಂದು." ಗಾಡಿಯೂ ಸವಾರನೂ ಸೇರಿದ ತೂಕದಲ್ಲಿ ನೂರಕ್ಕೆ ಇಷ್ಟು ಎಂಬ ಲೆಕ್ಕ ಅದು. ಒಂದು ಬ್ರೇಕು ಮೂವತ್ತನ್ನು, ಇನ್ನೊಂದು ಇಪ್ಪತ್ತೈದನ್ನು ಮುಟ್ಟಿದರೆ ಸಾಕು.

"ಪಾಸಾ?"

"ಪಾಸು."

ಮಿಸ್ ಕೈಗವಸು ತೆಗೆಯದೆಯೇ ಪತ್ರ ಇಸಿದುಕೊಂಡು ಕೋಟಿನ ಒಳಜೇಬಿಗೆ ಇಟ್ಟರು. "ಇನ್ನು ಇವಾನ್ ಬಾಯಿ ಮುಚ್ಚುತ್ತೆ."

ಇವಾನ್ ಎಂದರೆ ಚರ್ಚಿನ ಮೇಲ್ವಿಚಾರಕಿ. ಒಂದು ವರ್ಷದಿಂದ ಆಕೆಯದು ಒಂದೇ ರಾಗ: ಥೆಲ್ಮಾ, ಗಾಡಿ ಬಿಡಿ, ಕೈಗೆ ಸಂಧಿವಾತ ಬಂದಿದೆ, ಒಂದು ದಿನ ಹಳ್ಳಕ್ಕೆ ಬೀಳ್ತೀರಿ. ಮಿಸ್‌ಗೆ ಅದಕ್ಕೊಂದು ಉತ್ತರ ಬೇಕಿತ್ತು. ಸರ್ಕಾರದ ಮುದ್ರೆಯಿದ್ದರೆ ಇನ್ನೂ ಒಳ್ಳೆಯದು.

ರಸೆಲ್ ಗಾಡಿಯ ಕಡೆ ತಿರುಗಿದ. ಅವನಿಗೆ ತಿಳಿದಿದ್ದ ಸಂಗತಿಗಳು ಕೆಲವು ಇದ್ದವು. ಹಿಂದಿನ ಬ್ರೇಕ್ ಶೂಗಳನ್ನು ಎರಡು ವರ್ಷಗಳಲ್ಲಿ ಎರಡು ಸಲ ಅವನೇ ಬದಲಿಸಿದ್ದ. ಕಾಲಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಮುಂದಿನ ಬ್ರೇಕ್ ಶೂಗಳು ಮೂರು ವರ್ಷದ ಹಿಂದೆ ಹಾಕಿದಾಗ ಹೇಗಿದ್ದವೋ ಹಾಗೇ ಇದ್ದವು. ಕೈಹಿಡಿಕೆಯ ಮೇಲೆ, ಬೆರಳು ಉಜ್ಜಿ ಹೊಳೆಯಬೇಕಾದ ಜಾಗದಲ್ಲಿ, ಮಂಕಾದ ಉಪ್ಪಿನ ಪದರ.

"ಮಿಸ್, ನೀವು ಮುಂದಿನ ಬ್ರೇಕ್ ಹಿಡಿಯೋದೇ ಇಲ್ಲ, ಅಲ್ವಾ?"

"ಕಾಲಿನದು ಸಾಕಾಗುತ್ತೆ."

"ಒದ್ದೆ ರಸ್ತೇಲಿ?"

"ಒದ್ದೆ ರಸ್ತೇಲಿ ನಿಧಾನ ಹೋಗ್ತೀನಿ. ನೀನು ಪಾಸ್ ಅಂದೆ, ಈಗ ಮತ್ತೆ ಪ್ರಶ್ನೆಪತ್ರಿಕೆ ತೆಗೀತಿದ್ಯಲ್ಲ?"

"ಗಾಡಿ ಪಾಸಾಗಿದೆ," ಎಂದ ರಸೆಲ್. ಆಮೇಲೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು, ಏನನ್ನೂ ತೆಗೆದುಕೊಳ್ಳದೆ ಮತ್ತೆ ಮುಚ್ಚಿದ. "ಆ ಮೂವತ್ತಾರು ನನ್ನ ಕೈಯದು, ಮಿಸ್."

ಮಿಸ್ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಸಂಧಿವಾತದ ಕೈ ಆರ್ಗನ್ ನುಡಿಸಲು ಅಡ್ಡಿಯಾಗಿರಲಿಲ್ಲ. ಅದರ ಕೀಲಿಮಣೆಗೆ ಬೆರಳಿನ ಭಾರವೇ ಸಾಕು. ಹಿಡಿದು ಅದುಮುವ ಕೆಲಸ ಬೇರೆ. ಈ ವ್ಯತ್ಯಾಸ ಅವರಿಗೆ ಬಹಳ ದಿನದಿಂದ ಗೊತ್ತಿದ್ದಿರಬೇಕು. ಜಾಮ್ ಬಾಟಲಿಯ ಮುಚ್ಚಳವನ್ನು ಪಕ್ಕದ ಮನೆಯವರಿಂದ ತೆಗೆಸುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಲೋಟ ಕೆಳಗಿಟ್ಟು, ಕೈಗವಸು ತೆಗೆದರು. ಗೆಣ್ಣುಗಳು ಊದಿದ್ದವು. "ಗಾಡೀನ ಮತ್ತೆ ಅದರ ಮೇಲಿಡು. ನನ್ನದು ಎಷ್ಟು, ನೋಡೇಬಿಡೋಣ."

"ಇವತ್ತೇ ನೋಡ್ಬೇಕು ಅಂತೇನಿಲ್ಲ. ಹಿಡಿಕೇನ ಒಂಚೂರು ಹತ್ತಿರ ಮಾಡಿಕೊಡ್ತೀನಿ, ಹೊಸ ಕೇಬಲ್ ಹಾಕಿ..."

"ರಸೆಲ್. ಇಡು."

ಅವನು ಹಿಡಿಕೆಯನ್ನು ಆದಷ್ಟು ಹತ್ತಿರ ಮಾಡಿ, ಕೇಬಲ್ಲಿಗೆ ಎಣ್ಣೆ ಬಿಟ್ಟು, ಮುಂದಿನ ಚಕ್ರವನ್ನು ಉರುಳೆಗಳ ಮೇಲೆ ಕೂರಿಸಿದ. ಅನ್ಯಾಯ ಆಗಬಾರದೆಂದು ಅವರ ತೂಕ ಕೇಳಿ ಯಂತ್ರಕ್ಕೆ ಹೊಸದಾಗಿ ತುಂಬಿದ. ಮಿಸ್ ಸೀಟಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು, ಆರ್ಗನ್ನಿನ ಮುಂದೆ ಕೂರುವ ಹಾಗೆಯೇ. ಉರುಳೆಗಳು ತಿರುಗತೊಡಗಿದವು. ಅವರು ಅದುಮಿದರು. ಮೂರು ಸಲ. ಮೂರನೆಯ ಸಲ ಎಡಗೈಯನ್ನೂ ಬಲಗೈಯ ಮೇಲಿಟ್ಟು ಅದುಮಲು ಹೋಗಿ, ತಾವೇ ಕೈ ತೆಗೆದರು. ರಸ್ತೆಯಲ್ಲಿ ಆ ಕೈ ಹ್ಯಾಂಡಲಿನ ಮೇಲೆ ಇರಬೇಕಾದ್ದು.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಭಾನುವಾರದಿಂದ ಮಿಸ್ ಗಾಡಿ ಹತ್ತಲಿಲ್ಲ. ತಮ್ಮೂರಿನ ಚರ್ಚಿಗೆ ನಡೆದು ಹೋಗುತ್ತಾರೆ. ಸ್ಕೆಫ್ಟನ್‌ಗೆ ರಸೆಲ್ ವ್ಯಾನಿನಲ್ಲಿ ಕರೆದೊಯ್ಯುತ್ತಾನೆ. ದೇವರ ವಿಷಯದಲ್ಲಿ ಅವನಿಗೆ ಯಾವ ನಂಬಿಕೆಯೂ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಬಿಡಿಭಾಗಗಳ ಕ್ಯಾಟಲಾಗು ಓದುತ್ತಾನೆ. ಮಧ್ಯಾಹ್ನ ಅವನಿಗೆ ಬಿಡುವಿಲ್ಲ, ರೈಸ್‌ಬಿಗೆ ಬೇರೆ ಯಾರೂ ಸಿಗಲಿಲ್ಲ. ಅಲ್ಲಿಯ ಹನ್ನೆರಡು ಜನ ಈಗ ಆರ್ಗನ್ ಇಲ್ಲದೆ ಹಾಡುತ್ತಾರೆ, ಎರಡನೇ ಸಾಲಿಗೆ ಬರುವಷ್ಟರಲ್ಲಿ ಶ್ರುತಿ ಇಳಿದಿರುತ್ತದೆ. ಇದನ್ನು ಕೇಳಿದಾಗಲೆಲ್ಲ ಮಿಸ್ ಕಿಟಕಿಯ ಕಡೆ ತಿರುಗುತ್ತಾರೆ. ರಸೆಲ್‌ಗೂ ಅದು ಹಗುರವಾದ ವಿಷಯವಲ್ಲ. ಹಿಡಿಕೆ ಬದಲಿಸಿದ್ದರೆ ಆಗುತ್ತಿತ್ತೇ, ಡಿಸ್ಕ್ ಬ್ರೇಕ್ ಕೂರಿಸಬಹುದಿತ್ತೇ ಎಂದು ಹಲವು ಸಲ ಲೆಕ್ಕ ಹಾಕಿದ್ದಾನೆ. ಆ ಕೈಗೆ ಯಾವುದೂ ಸಾಲದು ಎಂಬುದೇ ಪ್ರತಿ ಸಲದ ಉತ್ತರ.

ಆದರೆ ಆ ಗುರುವಾರ ಇದೊಂದೂ ನಡೆದಿರಲಿಲ್ಲ. ಉರುಳೆಗಳು ನಿಂತಿದ್ದವು. ಪರದೆ ರಸೆಲ್‌ನ ಕಡೆಗಿತ್ತು. ಮಿಸ್‌ನ ಕನ್ನಡಕ ಕೈಚೀಲದಲ್ಲಿತ್ತು, ಚೀಲ ಕೆಟಲ್ಲಿನ ಪಕ್ಕ. ಇಪ್ಪತ್ತಾರು ಎಂದುಬಿಟ್ಟರೆ ಅವರು ನಗುತ್ತಾ ಮನೆಗೆ ಹೋಗುತ್ತಿದ್ದರು. ಮೂರು ಊರುಗಳಲ್ಲಿ ಭಾನುವಾರ ಎಂದಿನಂತೆ ನಡೆಯುತ್ತಿತ್ತು. ಗಾಡಿಗೆ ಕಾನೂನಿನ ಅಡ್ಡಿ ಇರಲಿಲ್ಲ, ಈ ಅಳತೆಯನ್ನು ಸರ್ಕಾರ ಕೇಳಿರಲಿಲ್ಲ, ಬರೆದುಕೊಳ್ಳುವ ಜಾಗವೂ ಇರಲಿಲ್ಲ.

"ಏನಾಯ್ತು, ನಾಲಿಗೆ ನುಂಗಿದ್ಯಾ?"

"ಒಂದ್ನಿಮಿಷ, ಮಿಸ್."

"ನೀನು ನಾಲ್ಕನೇ ಕ್ಲಾಸಲ್ಲಿದ್ದಾಗ ನಿನ್ನನ್ನ ಹಾಡೋ ಸಾಲಿಂದ ಎಬ್ಬಿಸಿ ಬಾಗಿಲ ಹತ್ತಿರ ನಿಲ್ಲಿಸಿದ್ದೆ. ನೆನಪಿದೆಯಾ?"

"ಚೆನ್ನಾಗಿ ನೆನಪಿದೆ."

"ನೀನು ಅಮ್ಮನನ್ನ ಕರ್ಕೊಂಡು ಬಂದಿದ್ದೆ ಜಗಳಕ್ಕೆ. ನಿಮ್ಮ ಹುಡುಗನಿಗೆ ಸ್ವರ ಹಿಡಿಯೋಕೆ ಬರಲ್ಲ ಅಂತ ಮುಖಕ್ಕೇ ಹೇಳಿದ್ದೆ. ಒಂಬತ್ತು ವರ್ಷದವನ ಎದುರಿಗೆ ಹೇಳೋಕೆ ನನಗೇನು ಸುಲಭವಾಗಿತ್ತಾ?" ಮಿಸ್ ಗಾಡಿಯಿಂದ ಇಳಿದು, ಒಂದು ಕೈಯನ್ನು ಸೀಟಿನ ಮೇಲೆಯೇ ಇಟ್ಟುಕೊಂಡು ನಿಂತರು. "ಎಲ್ಲರಿಗೂ ಓದಿ ಹೇಳ್ತೀಯಲ್ಲ. ನನಗೂ ಓದು."

ರಸೆಲ್ ಪರದೆಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಅವರ ಮುಖ ನೋಡಿದ. ಏಡಿ ಮಾರುವವಳಿಗೆ, ಬಿಡಾರದ ಅಣ್ಣತಮ್ಮಂದಿರಿಗೆ ಓದುವ ಅದೇ ಸಮನಾದ ದನಿಯಲ್ಲಿ ಓದಿದ:

"ಹನ್ನೊಂದು."