ಅಕ್ಷರ ತಪ್ಪದ ಹಾಗೆ

ಬೆಳಗಾವಿಯ ಸ್ನಾತಕೋತ್ತರ ಕೇಂದ್ರದಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದ ಮೊದಲ ವರ್ಷವೇ ನಾನು ಕಳ್ಳಿಯಾದೆ. ಆ ಪದವನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ನಾನು ಬರೆದುಕೊಟ್ಟ ಪ್ರಬಂಧವನ್ನು ಅಧ್ಯಾಪಕರು ಮೇಜಿನ ಮೇಲೆ ಒಂದು ಪುಸ್ತಕದ ಪಕ್ಕದಲ್ಲಿಟ್ಟು, ಎರಡರ ಮೇಲೂ ಬೆರಳಿಟ್ಟು ತೋರಿಸಿದಾಗ ಪದ ಬೇಕಾಗಿರಲಿಲ್ಲ.

ಪ್ರಬಂಧ ವಾರದ ಸಂತೆಗಳ ಬಗ್ಗೆ. ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಬಿ.ಎ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ನನಗೆ ಅಂಥ ಬರವಣಿಗೆ ಅದೇ ಮೊದಲು.

"ತಂಗಿ, ಇದನ್ನ ನೀನ ಬರದೀಯೇನು?"

"ಹೌದ್ರಿ ಸರ್."

"ಪುಸ್ತಕಾ ಮುಂದ ಇಟ್ಕೊಂಡು?"

"ಇಲ್ರಿ ಸರ್. ಪುಸ್ತಕಾ ಲೈಬ್ರರಿಗೆ ತಿರುಗಿ ಕೊಟ್ಟಿದ್ದೆ. ಬಾಯಿಪಾಠ ಮಾಡಿ ಬರದೇನ್ರಿ. ನೋಡ್ರಿ, ಒಂದ ಅಕ್ಷರಾನೂ ತಪ್ಪಿಲ್ಲ."

ಕೊನೆಯ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಸಹಪಾಠಿಗಳಲ್ಲಿ ಒಬ್ಬ, "ಟೇಪ್ ರಿಕಾರ್ಡರ್ ಐತಿ ನೋಡ್ರಲೇ, ಕ್ಯಾಸೆಟ್ ತಿರುವಿ ಹಾಕ್ರಿ" ಅಂದ. ಉಳಿದವರು ನಕ್ಕರು.

ಹದಿನೈದು ದಿನ ಕೊಟ್ಟರು. ಅಷ್ಟರೊಳಗೆ ನನ್ನ ಸ್ವಂತ ಮಾತಿನಲ್ಲಿ ಬರೆದು ತರದಿದ್ದರೆ ಪ್ರಬಂಧ ಒಪ್ಪುವುದಿಲ್ಲ. ಪ್ರಬಂಧ ಇಲ್ಲದೆ ಪರೀಕ್ಷೆಗೆ ಕೂಡುವಂತಿಲ್ಲ. ನನ್ನ ತಂದೆ, ಅಬ್ಬಾ, ಓದಿಗೆ ಒಪ್ಪಿದ್ದು ವರ್ಷದಿಂದ ವರ್ಷಕ್ಕೆ. ಒಂದು ವರ್ಷ ತಪ್ಪಿದರೂ ಓದು ಅಲ್ಲಿಗೆ ನಿಲ್ಲಬೇಕೆಂದು ಖಾನಾಪುರದ ಮನೆಯಲ್ಲಿ ಹಿರಿಯರ ಎದುರು ಮಾತಾಗಿತ್ತು.

ಬಾಯಿಪಾಠ ನಮ್ಮ ಮನೆಯಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ದಾದಿ, ಅಂದರೆ ಅಬ್ಬಾನ ತಾಯಿ, ಬೆಳಗಿನ ಹೊತ್ತು ಓಣಿಯ ಹುಡುಗಿಯರಿಗೆ ಅರಬ್ಬಿ ಓದಿಸುತ್ತಿದ್ದಳು. ಅರ್ಥ ಆಮೇಲೆ, ಮೊದಲು ಮಾತು ಶುದ್ಧವಾಗಿ ಬರಬೇಕು. ಒಂದು ಸ್ವರವನ್ನು ಹೆಚ್ಚು ಎಳೆದರೂ ಅವಳ ತೋರುಬೆರಳು ಚಾಪೆಯ ಮೇಲೆ ಎರಡು ಸಲ ಬಡಿಯುತ್ತಿತ್ತು. ಆಗ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಬೇಕು. ನನಗೆ ಹನ್ನೊಂದು ತುಂಬಿದ ಮೇಲೆ ಆ ಬೆರಳು ನನ್ನ ಪಾಠಕ್ಕೆ ಒಮ್ಮೆಯೂ ಬಡಿದಿರಲಿಲ್ಲ. ಇನ್ನೊಬ್ಬರ ಮಾತಿಗೆ ನನ್ನದನ್ನು ಬೆರೆಸದೆ ಹಾಗೆಯೇ ಕಾಯುವುದು ಮರ್ಯಾದೆ ಎಂದು ತಿಳಿದವಳು ನಾನು. ದೊಡ್ಡ ವಿದ್ವಾಂಸರ ವಾಕ್ಯವನ್ನು ಒಡೆದು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಕಟ್ಟಿದರೆ ಅದು ಹೇಗೆ ಪ್ರಾಮಾಣಿಕವಾಗುತ್ತದೆ ಎಂಬುದು ನಿಜವಾಗಿಯೂ ಹೊಳೆಯಲಿಲ್ಲ.

ಸರ್ ಒಂದು ದಾರಿ ಹೇಳಿದ್ದರು: "ಒಂದ ಪುಟಾ ಓದು, ಪುಸ್ತಕಾ ಮುಚ್ಚು, ಆಮ್ಯಾಲೆ ಬರಿ." ಪುಸ್ತಕವನ್ನು ಲೈಬ್ರರಿಯಿಂದ ಮತ್ತೆ ತಂದೆ. ಖಾನಾಪುರದಿಂದ ನಾನು ದಿನಾ ಹೋಗುವ ಬೆಳಗಿನ ಬಸ್ಸಿನಲ್ಲಿ ಕಾರ್ಖಾನೆಯ ಕೆಲಸಗಾರರು ದಾರಿಯ ಮಚ್ಛೆಯಲ್ಲಿ ಇಳಿದ ಮೇಲೆ ನನಗೆ ಸೀಟು ಸಿಗುತ್ತಿತ್ತು. ಅಲ್ಲಿಂದ ಬೆಳಗಾವಿ ಮುಟ್ಟುವ ತನಕ ಹಾಗೆಯೇ ಮಾಡಿ ನೋಡಿದೆ. ನಾನು ಮುಚ್ಚಿದರೂ ಪುಸ್ತಕ ಮುಚ್ಚುತ್ತಿರಲಿಲ್ಲ. ಯಾವ ಪದ ಸಾಲಿನ ತುದಿಯಲ್ಲಿ ಮುರಿದು ಕೆಳಗಿನ ಸಾಲಿಗೆ ಇಳಿಯುತ್ತದೆ ಎಂಬುದೂ ಕಣ್ಣಿಗೆ ಕಟ್ಟಿದಂತಿತ್ತು. ಒಂದು ವಾರ ಬರೆದದ್ದನ್ನು ಪುಸ್ತಕಕ್ಕೆ ಹಿಡಿದು ನೋಡಿದಾಗ ಅಲ್ಲಲ್ಲಿ ಒಂದೆರಡು ಪದ ಬದಲಾಗಿದ್ದವು. ಅವೂ ನನಗೆ ತಪ್ಪುಗಳ ಹಾಗೆಯೇ ಕಂಡವು.

ಒಂಬತ್ತನೆಯ ದಿನ ರವಿವಾರ. ದಾದಿ ಹಿತ್ತಲ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ನಮ್ಮ ಮನೆಮಾತು ದಖನಿ ಉರ್ದು. ಆದರೆ ದಾದಿ ಹುಟ್ಟಿ ಬೆಳೆದದ್ದು ನಂದಗಡದಲ್ಲಿ. ಅವಳ ತಂದೆ ಅಲ್ಲಿಯ ಸಂತೆಯಲ್ಲಿ ಹಗ್ಗ ಮಾರುತ್ತಿದ್ದರು. ಸಿಟ್ಟು ಬಂದರೆ ಅವಳ ಮಾತು ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು. ಅವತ್ತೂ ಹೊರಳಿತು, ನಾನೂ ಕನ್ನಡದಲ್ಲೇ ಉತ್ತರಿಸಿದೆ.

"ಬಾಯಿಪಾಠ ಮಾಡಿದ್ದು ಕಳವು ಹೆಂಗ ಆಕ್ಕೈತಿ? ತಲಿ ಐತೇನು ನಿಮ್ಮ ಮಾಸ್ತರಗ?"

ಸ್ವಲ್ಪ ಹೊತ್ತು ಮೊರದಲ್ಲಿ ಅಕ್ಕಿ ಕೇರಿದಳು. ಆಮೇಲೆ ಕೈ ನಿಲ್ಲಿಸಿದಳು.

"ಅದು ಯಾರ ಮಾತು ಅಂತ ಬರದಿದ್ದಿಲ್ಲೇನು?"

"ಇಲ್ಲ ದಾದಿ."

"ಯಾಕ?"

"ಓದಿದವರಿಗೆ ಗೊತ್ತಿರ್ತೈತಿ ಅಂದ್ಕೊಂಡೆ."

"ಹಂಗಾದ್ರ ಅವ ಅಂದದ್ದು ಖರೇ ಐತಿ."

ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡಳು. ನನಗೆ ಆಗ ನೆನಪಾಯಿತು. ಹೊಸ ಹುಡುಗಿ ಬಂದ ಮೊದಲ ದಿನ ದಾದಿ ಪಾಠ ತೆರೆಯುವ ಮುಂಚೆ ಒಂದು ಮಾತು ಹೇಳುತ್ತಿದ್ದಳು: ಇದನ್ನು ನನಗೆ ಕೊಟ್ಟವಳು ನನ್ನ ಚಿಕ್ಕಮ್ಮ, ಅವಳಿಗೆ ಕೊಟ್ಟವಳು ಒಬ್ಬ ಕಣ್ಣಿಲ್ಲದ ಮುದುಕಿ, ಆ ಮುದುಕಿಗೆ ಕೊಟ್ಟವನು ಅವಳ ತಂದೆ. ಎಷ್ಟೋ ಸಲ ಕೇಳಿದ್ದೆ. ಅದೂ ಪಾಠವೇ ಎಂದು ತಿಳಿದಿರಲಿಲ್ಲ.

"ಸಂತಿ ಮ್ಯಾಲ ಆ ಪುಸ್ತಕದಾಂವ ಏನ ಬರದಾನ, ನನಗ ಹೇಳು."

ಹೇಳತೊಡಗಿದೆ. ಕನ್ನಡದಲ್ಲಿ ಆ ವಾಕ್ಯಗಳು ಇದ್ದ ಹಾಗೆ ನಿಲ್ಲಲಿಲ್ಲ. ತುಂಡು ಮಾಡಿಯೇ ಹೇಳಬೇಕಾಯಿತು. ಜನ ಸಂತೆಗೆ ಬರುವುದು ಕೊಳ್ಳಲಿಕ್ಕೆ ಮತ್ತು ಮಾರಲಿಕ್ಕೆ ಎಂಬಲ್ಲಿಗೆ ಬಂದಾಗ ಅವಳು ತಡೆದಳು.

"ಅವ ನಂದಗಡ ಸಂತಿ ನೋಡ್ಯಾನೇನು?"

"ಇಲ್ಲ ದಾದಿ. ಬ್ಯಾರೆ ದೇಶದಾಂವ."

"ಮತ್ತ? ನಮ್ಮ ಅಪ್ಪನ ಹಗ್ಗದ ಅಂಗಡಿ ಮುಂದ ಹೆಣ್ಮಕ್ಕಳು ಬಂದು ನಿಂದರತಿದ್ರು. ಹಗ್ಗಾ ತಗೋಳಾಕಲ್ಲ. ಕೊಟ್ಟ ಮಗಳ ಊರಿಂದ ಯಾರರ ಬಂದಾರೇನು, ಆಕಿ ಹೆಂಗ ಅದಾಳ ಅಂತ ಕೇಳಾಕ. ಕೇಳಿ ಕಣ್ಣ ಒರಸ್ಕೊಂಡು ಹೋಗತಿದ್ರು. ಒಂದ ಹರಳ ಉಪ್ಪು ಸೈತ ತಗೋತಿದ್ದಿಲ್ಲ."

ಉಳಿದ ಆರು ದಿನ ಹಾಗೆಯೇ ಮಾಡಿದೆ. ಪುಟ ಓದುವುದು, ದಾದಿಗೆ ಹೇಳುವುದು, ಅವಳ ತಕರಾರು ಕೇಳುವುದು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದು. ಬೇರೆಯವರದ್ದು ಬಂದಲ್ಲೆಲ್ಲ ಪುಟದ ಕೆಳಗೆ ಅವರ ಹೆಸರು ಹಾಕಿದೆ. ಹಗ್ಗದ ಅಂಗಡಿಯ ಸಂಗತಿಗೆ ದಾದಿಯ ಹೆಸರು ಹಾಕಿ, ಊರು ನಂದಗಡ, ಬಾಯಿಮಾತು ಎಂದು ಬರೆದೆ. ಅದರ ನಂತರ ಒಂದೇ ಒಂದು ವಾಕ್ಯವನ್ನು ಐದು ಸಲ ಅಳಿಸಿ ಬರೆದೆ: ಸಂತೆಯಲ್ಲಿ ಕೈಯಿಂದ ಕೈಗೆ ಹೋಗುವುದನ್ನೆಲ್ಲ ತಕ್ಕಡಿಗೆ ಹಾಕಲಾಗದು. ಅದಕ್ಕೆ ಕೆಳಗೆ ಯಾವ ಹೆಸರೂ ಇರಲಿಲ್ಲ.

ಸರ್ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡೇ ಓದಿದರು. ದಾದಿಯ ಹೆಸರಿನ ಹತ್ತಿರ ಒಂದು ಕ್ಷಣ ನಿಂತು ಮುಂದೆ ಹೋದರು. ಆಮೇಲೆ ಪೆನ್ಸಿಲ್ ಆ ಒಂದು ವಾಕ್ಯದ ಕೆಳಗೆ ನಿಂತಿತು.

"ಇದಕ್ಕ ಅಡಿಟಿಪ್ಪಣಿ ಇಲ್ಲ. ಯಾರದಿದು?"

"ನಂದ್ರಿ ಸರ್."

ಅವರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು.

"ಇಂಗ್ಲಿಷು ಸ್ವಲ್ಪ ಕುಂಟತೈತಿ" ಅಂದರು. ತಿದ್ದಲಿಲ್ಲ. ಕೊನೆಯ ಪುಟ ತಿರುವಿ ಸಹಿ ಹಾಕಿದರು.

ಪರೀಕ್ಷೆ ಬರೆದೆ. ಎರಡನೆಯ ವರ್ಷಕ್ಕೂ ಅದೇ ಬಸ್ಸಿನಲ್ಲಿ ಹೋಗುವುದೆಂದು ನಿಶ್ಚಯವಾಯಿತು. ಆ ಬೇಸಿಗೆಯ ಒಂದು ಬೆಳಿಗ್ಗೆ, ಹುಡುಗಿಯರು ಹೋದ ಮೇಲೆ, ದಾದಿಯ ಎದುರು ನನ್ನ ಹಳೆಯ ಪಾಠ ಒಪ್ಪಿಸುತ್ತಿದ್ದೆ. ನಡುವೆ ಒಂದು ಕಡೆ ನಿಂತುಬಿಟ್ಟೆ. ಮುಂದಿನ ಮಾತಿಗಿಂತ ಮೊದಲು ಅದರ ಅರ್ಥ ಬಂದು ನಿಂತಿತ್ತು. ಮಾತು ಅದರ ಹಿಂದೆ ಎಲ್ಲೋ ಉಳಿದಿತ್ತು. ನಾನು ತಲೆ ಎತ್ತಲಿಲ್ಲ.

ದಾದಿಯ ಬೆರಳು ಚಾಪೆಯ ಮೇಲೆ ಎರಡು ಸಲ ಬಡಿಯಿತು. ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿದೆ.