ನಾನು ಮುರಿಯದ ಆಣೆ

ಮೊಳಕಾಲಿಗೆ ಹಚ್ಚಿಕೊಳ್ಳೋಣ ಅಂತ ಇವತ್ತು ಕುಸುಬಿ ಎಣ್ಣೆಯಲ್ಲಿ ನಾಲ್ಕು ಎಸಳು ಬಳ್ಳೊಳ್ಳಿ ಹಾಕಿ ಕಾಸಿದೆ. ವಾಸನೆ ಅಡುಗೆಮನೆ ದಾಟಿ ಪಡಸಾಲೆಗೆ ಬಂತು ನೋಡಿ, ಬಾಜೂ ಮನೆಯ ಹುಡುಗಿಯ ಬಲಭುಜ ಮತ್ತೆ ನನ್ನ ಅಂಗೈ ಕೆಳಗೆ ಇದ್ದಂತಾಯಿತು...

ತಾಂಡೂರಿನಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಅವಳಪ್ಪ ನೆಲಕ್ಕೆ ಹಾಸುವ ಫರಶಿ ಕಲ್ಲು ಪಾಲಿಶ್ ಮಾಡುವವರು. ಅಪ್ಪನ ಜೊತೆ ಕಲ್ಲು ಎತ್ತಿ ಎತ್ತಿಯೇ ಅವಳ ತೋಳು ಗಟ್ಟಿಯಾಗಿದ್ದವು. ಆಟದ ಮಾಸ್ತರರು ಅದನ್ನು ಕಂಡು ಗುಂಡು ಎಸೆತ ಕಲಿಸಿದರು. ಸಾಲಿಯ ಗುಂಡು ಮನೆಗೆ ಕೊಡುತ್ತಿರಲಿಲ್ಲ. ಒಂದು ದಿನ ನನ್ನ ಒರಳುಗುಂಡು ಕಾಣೆ. ಹಿತ್ತಲಿಗೆ ಹೋದರೆ ಈಕೆ ಅದನ್ನು ಕೊರಳಿಗೆ ಒತ್ತಿಕೊಂಡು ನಿಂತಿದ್ದಾಳೆ.

"ಯವ್ವ, ನಾ ಚಟ್ನಿ ಹ್ಯಾಂಗ ಅರೀಲಿ?" ಎಂದೆ.

"ನಿಮಗ ಮಿಕ್ಸರ್ ಅದ ಅಲ್ರೀ ಕಾಕು. ನನಗ ಇದೊಂದೇ ಅದ."

ಬಿಟ್ಟುಕೊಟ್ಟೆ. ಗುಂಡು ಮೊದಮೊದಲು ಬಟ್ಟೆ ಒಗೆಯುವ ಕಲ್ಲಿನ ತನಕ ಬೀಳುತ್ತಿತ್ತು, ಆಮೇಲೆ ನುಗ್ಗಿ ಗಿಡವನ್ನೂ ದಾಟಿತು. ಇಷ್ಟಲಿಂಗ ಮೈಮೇಲಿಂದ ತೆಗೆಯಬಾರದು, ಗುಂಡಿಗೂ ಅಡ್ಡ ಬರಬಾರದು. ಅದಕ್ಕೆ ಲಿಂಗವಿರುವ ಕೊರಳಿನ ಕರಡಿಗೆಯನ್ನು ಎಡತೋಳಿಗೆ ಕಟ್ಟಿಕೊಳ್ಳುವುದನ್ನು ನಾನೇ ಕಲಿಸಿದೆ. ಜಹೀರಾಬಾದಿನ ಪಂದ್ಯದಲ್ಲಿ ಗೆದ್ದು ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚಿದವಳೂ ನಾನೇ.

ರಾಜ್ಯ ತಂಡದ ಆಯ್ಕೆ ಹೈದರಾಬಾದಿನಲ್ಲಿ ಇತ್ತು. ಅದಕ್ಕೆ ಎರಡು ತಿಂಗಳಿರುವಾಗ ಒಂದು ಮಧ್ಯಾಹ್ನ ಬಂದಳು. ಬಲಗೈ ಮೇಲೇಳುತ್ತಿಲ್ಲ. ಕೈಗೆ ಏನಾದರೂ ಆದರೆ ಆಟ ಬಂದ್ ಅಂತ ಅವಳವ್ವ ಮೊದಲೇ ಹೇಳಿದ್ದರು. ಹುಡುಗಿ ಕರಡಿಗೆ ಬಿಚ್ಚಿ, ತೆಗೆಯಬಾರದ ಲಿಂಗವನ್ನೇ ತೆಗೆದು ನನ್ನ ಅಂಗೈ ಮೇಲಿಟ್ಟಳು. "ಅವ್ವಗ ಹೇಳಂಗಿಲ್ಲ ಅಂತ ಆಣಿ ಮಾಡ್ರಿ ಕಾಕು."

ಮಾಡಿದೆ... ಉಳುಕು ಇರಬೇಕು, ಎಣ್ಣೆಗೆ ಇಳಿಯುತ್ತದೆ ಅಂದುಕೊಂಡಿದ್ದೆ. ದಿನಾ ಮಧ್ಯಾಹ್ನ ತಿಕ್ಕುತ್ತಿದ್ದೆ, ಅವಳು ಓಢಣಿ ಕಚ್ಚಿ ಕೂಡುತ್ತಿದ್ದಳು. ಡಾಕ್ಟರಿಗೆ ತೋರಿಸು ಅಂದರೆ, ಆಯ್ಕೆ ಮುಗಿಯಲಿ ಅನ್ನುವಳು. ಒಂದು ದಿನ ಅವಳವ್ವ ಗೋಡೆ ಮೇಲಿಂದ ಕೇಳಿದರು: "ಅಕ್ಕಾ, ಮಗಳು ಎಡಗೈಲೆ ಉಣ್ಣಾಕತ್ಯಾಳ. ಯಾಕಂತ ನಿಮಗರ ಹೇಳ್ಯಾಳೇನು?" ನಾನು ತಲೆ ಎತ್ತಲಿಲ್ಲ. ಮೊರದಲ್ಲಿನ ತೊಗರಿಬೇಳೆ ಕೇರುತ್ತಲೇ ಇದ್ದೆ.

ಆಯ್ಕೆಯ ದಿನ ಬರುವಷ್ಟರಲ್ಲಿ ಕೈ ಸ್ವಲ್ಪ ಏಳುತ್ತಿತ್ತು, ನೋವು ನುಂಗಿಕೊಂಡೇ ಹೋದಳು. ಹೈದರಾಬಾದಿನಲ್ಲಿ ಎರಡನೆಯ ಎಸೆತಕ್ಕೆ ಗುಂಡು ಅವಳ ಕಾಲ ಬಳಿಯೇ ಬಿತ್ತಂತೆ. ಭುಜದ ನರ ಪೂರಾ ಹರಿದಿದೆ, ಮೊದಲೇ ತಂದಿದ್ದರೆ ಕೂಡಿಸಬಹುದಿತ್ತು ಅಂದರಂತೆ ಡಾಕ್ಟರು. ಆಪರೇಶನ್ ಆಯಿತು. ಕೈ ಮಾತ್ರ ಭುಜದಿಂದ ಮೇಲೆ ಏಳಲಿಲ್ಲ.

ಈಗ ಅವಳನ್ನು ಮನೂರಿನ ಕಡೆ ಮದುವೆ ಮಾಡಿ ಕೊಟ್ಟಿದ್ದಾರೆ. ಹೋದ ತಿಂಗಳು ತವರಿಗೆ ಬಂದಿದ್ದಳು. ಗಂಡ ಒಳ್ಳೆಯವನು, ಕೂಸು ಗಟ್ಟಿಯಾಗಿದೆ, ಎಡಗೈಯಿಂದ ರೊಟ್ಟಿ ಬಡಿಯಲು ಕಲಿತಿದ್ದಾಳೆ. ಶಿವ ಇಷ್ಟಾದರೂ ಇಟ್ಟಿದ್ದಾನೆ ಅಂತ ಎಣಿಸಿಕೊಳ್ಳುತ್ತೇನೆ. ಜಡೆ ಹಾಕಿಕೊಳ್ಳಲು ಮಾತ್ರ ಆಗುವುದಿಲ್ಲ. ನಾನೇ ಹಾಕುತ್ತಿದ್ದೆ. ಅವಳು ಅತ್ತ ಮುಖ ಮಾಡಿಯೇ ಕೇಳಿದಳು: "ಕಾಕು, ಆವಾಗ ಆಣಿ ಮುರದಿದ್ರ ನಿಮಗೇನ್ ಆಗ್ತಿತ್ತರಿ?"

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚಲೋ ಇತ್ತು. ನಾನು ಜಡೆಯ ತುದಿ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ...

ಒರಳುಗುಂಡು ಈಗಲೂ ಬಾಗಿಲ ಹಿಂದೆ ಇದೆ. ಒಲೆಯ ಮೇಲಿನ ಎಣ್ಣೆ ಆರಿತು. ಎರಡು ಬೆರಳು ಅದ್ದಿದೆ, ಮೊಳಕಾಲಿನ ತನಕ ಕೈ ಹೋಗಲಿಲ್ಲ. ಬಟ್ಟಲು ಮುಚ್ಚಿಟ್ಟೆ.